ಆ ಬೀರುವಿನ ಕೀಲಿಕೈ ಮಕ್ಕಳ ಕೈಗೆ ಕೊಡಿ

ಉತ್ತರ ಕನ್ನಡ ಜಿಲ್ಲೆಯ ಪದವಿ ಕಾಲೇಜುಗಳ ಪ್ರಾಂಶುಪಾಲರಿಗೂ ಆಡಳಿತ ಮಂಡಳಿಗಳ ಹಿರಿಯರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ಪದವಿ ಓದಿದ ಕಾಲೇಜಿನಲ್ಲಿ ಒಂದು ಒಳ್ಳೆಯ ಮೈಕು ಇತ್ತು. ಹಳೆಯ ವಿದ್ಯಾರ್ಥಿಯೊಬ್ಬರು ದಾನ ಕೊಟ್ಟಿದ್ದಂತೆ. ವರ್ಷಕ್ಕೆ ನಾಲ್ಕು ಸಲ ಅದಕ್ಕೆ ಬೆಳಕು ಕಾಣುವ ಯೋಗ: ಆಗಸ್ಟ್ 15, ನವೆಂಬರ್ 1, ಜನವರಿ 26, ಆಮೇಲೆ ವಾರ್ಷಿಕ ಸ್ನೇಹ ಸಮ್ಮೇಳನ. ಉಳಿದ ದಿನಗಳಲ್ಲಿ ಕಚೇರಿಯ ಕಬ್ಬಿಣದ ಬೀರುವಿನ ಮೇಲಿನ ಖಾನೆಯಲ್ಲಿ, ಹಳೆಯ ಹಾಜರಿ ಪುಸ್ತಕಗಳ ಸಂದಿಯಲ್ಲಿ, ಟವೆಲ್ಲಿನಲ್ಲಿ ಸುತ್ತಿ ಇಟ್ಟಿರುತ್ತಿದ್ದರು. ನಾಲ್ಕು ದಿನವೂ ಅದರಲ್ಲಿ ಮೊದಲು ಮಾತಾಡುತ್ತಿದ್ದವರು ನಮ್ಮ ಜವಾನರು. 'ಹಲೋ, ಹಲೋ, ಮೈಕ್ ಟೆಸ್ಟಿಂಗ್' ಎಂದು ಮೂರು ಸಲ ಹೇಳಿ, ಎರಡು ಸಲ ಊದಿ, ಕೆಳಗಿಳಿಯುತ್ತಿದ್ದರು. ಆಮೇಲೆ ಅತಿಥಿಗಳ ಪಾಳಿ. ವಿದ್ಯಾರ್ಥಿಗಳ ಪಾಳಿಗೆ ಪ್ರಾರ್ಥನೆ ಮತ್ತು ವಂದನಾರ್ಪಣೆ.

ಎರಡನೇ ವರ್ಷದಲ್ಲಿ ನಾನೂ ನನ್ನ ಗೆಳತಿಯೂ ಆ ಮೈಕನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕೇಳಲು ಹೋಗಿದ್ದೆವು. ಅವಳ ಅಜ್ಜಿ ಭತ್ತ ನೆಡುವಾಗ ಹೇಳುವ ಹಾಡುಗಳನ್ನು ಹಿಡಿದಿಟ್ಟುಕೊಳ್ಳುವ ಆಸೆ. ಕಚೇರಿಯಲ್ಲಿದ್ದವರು ಕೆಟ್ಟವರೇನಲ್ಲ. ಕಾಲೇಜಿನ ಸಾಮಾನು ಸರಂಜಾಮಿನ ಪಟ್ಟಿಯಿದ್ದ ರಿಜಿಸ್ಟರು ತೆಗೆದು ತೋರಿಸಿದರು. 'ಇದು ಡೆಡ್ ಸ್ಟಾಕ್ ತಂಗಿ. ಹಾಳಾದ್ರೆ ಯಾರು ಹೊಣೆ?' ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿ ಮರುವರ್ಷ ತೀರಿಹೋದರು. ಆ ಹಾಡುಗಳಲ್ಲಿ ಗೆಳತಿಗೆ ಈಗ ನೆನಪಿರುವುದು ಎರಡು ಸಾಲು, ಅದೂ ಧಾಟಿ ಸರಿಯೋ ತಪ್ಪೋ ಎಂಬ ಅನುಮಾನದೊಂದಿಗೆ.

ಈ ಪತ್ರ ಆ ಕಾಲೇಜಿನ ಮೇಲಿನ ದೂರಲ್ಲ. ಹೆಸರು ಹೇಳುವುದೂ ಇಲ್ಲ. ಹೇಳಿದರೆ ಉಳಿದವರೆಲ್ಲ 'ಓ, ಅವರಾ' ಎಂದು ನಿರಾಳವಾಗಿಬಿಡುತ್ತೀರಿ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಹಳಿಯಾಳ, ದಾಂಡೇಲಿಯವರೆಗೆ ನಿಮ್ಮಲ್ಲಿ ಯಾರ ಕಚೇರಿಯಲ್ಲಿ ಅಂಥದೊಂದು ಬೀರು ಇದೆಯೋ ಅವರೆಲ್ಲರಿಗೂ ಬರೆಯುತ್ತಿದ್ದೇನೆ. ಬೇಡಿಕೆ ಇಷ್ಟೇ: ನಿಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ನಡೆಸುವ ರೇಡಿಯೋ ಶುರುಮಾಡಿ. ಗೋಪುರ, ಟ್ರಾನ್ಸ್‌ಮಿಟರು ಆಮೇಲಿನ ಮಾತು. ಮೊದಲು ಒಂದು ಕೋಣೆ, ವಾರಕ್ಕೆ ಅರ್ಧ ಗಂಟೆ, ಮತ್ತು ತಪ್ಪು ಮಾಡುವ ಸ್ವಾತಂತ್ರ್ಯ ಕೊಡಿ. ಅತಿಥಿ ಉಪನ್ಯಾಸಕಿಯೊಬ್ಬಳ ಮಾತಿಗೆ ತೂಕ ಎಷ್ಟೆಂದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಅರ್ಜಿ ಬರೆಯದೆ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನಮ್ಮೂರು ಶಿರಸಿ ಸೀಮೆಯ ಒಂದು ಕಣಿವೆ. ಅಜ್ಜನಿಗೆ ಜಗುಲಿಯ ಕಂಬಕ್ಕೆ ನೇತುಹಾಕಿದ ರೇಡಿಯೋವೇ ಜಗತ್ತು. ಧಾರವಾಡ ಕೇಂದ್ರ, 765 ಕಿಲೋಹರ್ಟ್ಸ್. ಮುಳ್ಳು ಅಲ್ಲಿಂದ ಕದಲುತ್ತಿರಲಿಲ್ಲ. ಗುಡುಗು ಶುರುವಾದರೆ ಕರಕರ ಎನ್ನುತ್ತಿತ್ತು. ಅಜ್ಜ ಅದನ್ನೂ ಹವಾಮಾನ ವರದಿಯ ಭಾಗ ಎಂದೇ ತಿಳಿದು, ಅಂಗಳದ ಅಡಿಕೆ ಒಳಗೆ ತರಿಸುತ್ತಿದ್ದರು. ಕಾರವಾರದ ಎಫ್‌ಎಂ 102.3 ನಮ್ಮ ಕಣಿವೆಗೆ ಇಳಿಯುತ್ತಿರಲಿಲ್ಲ. ರೇಡಿಯೋದಲ್ಲಿ ಮಾತಾಡುವವರು ಬೇರೆ ಜಾತಿಯ ಜೀವಿಗಳು, ಅವರಿಗೆ ಕೆಮ್ಮು ಬರುವುದಿಲ್ಲ, ಅವರಿಗೆ ಊರು ಇಲ್ಲ ಎಂದೇ ನಾನು ಬಹಳ ವರ್ಷ ನಂಬಿದ್ದೆ.

ಆಮೇಲೆ ಗೊತ್ತಾಯಿತು, ಕನ್ನಡದ ರೇಡಿಯೋ ಹುಟ್ಟಿದ್ದೇ ಒಬ್ಬ ಮೇಷ್ಟರ ಮನೆಯಲ್ಲಿ ಎಂದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಪ್ರಸಾರ ಶುರುಮಾಡಿದರು. 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಬಂದದ್ದು ಮರುವರ್ಷ, 1936ರ ಜೂನ್‌ನಲ್ಲಿ. ಮೇಷ್ಟರ ಆ ನಿಲಯದ 'ಆಕಾಶವಾಣಿ' ಎಂಬ ಹೆಸರನ್ನೇ ಮುಂದೆ ಇಡೀ ದೇಶದ ಬಾನುಲಿ ತನ್ನದಾಗಿಸಿಕೊಂಡಿತು. ಕಾಲೇಜಿಗೂ ರೇಡಿಯೋಗೂ ಏನು ಸಂಬಂಧ ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ. ಸಂಬಂಧ ಶುರುವಿನಿಂದಲೇ ಇದೆ, ನಡುವೆ ನಾವು ಬಿಟ್ಟುಕೊಟ್ಟೆವು.

ನಾನು ರೇಡಿಯೋಕ್ಕೆ ಬಿದ್ದದ್ದು ಎಂ.ಎ.ಗೆ ದಕ್ಷಿಣದ ಕಡಲ ತಡಿಯ ಊರೊಂದಕ್ಕೆ ಹೋದಾಗ. ಅಲ್ಲಿ ಕ್ಯಾಂಪಸ್ಸಿನಲ್ಲಿ ಸಮುದಾಯ ರೇಡಿಯೋ, ಅಂದರೆ ಸುತ್ತಲಿನ ಜನರ ಜೊತೆ ಸೇರಿ ಅವರಿಗಾಗಿಯೇ ನಡೆಸುವ ಪುಟ್ಟ ನಿಲಯ, ಇತ್ತು. ನೋಟಿಸ್ ಬೋರ್ಡಿನಲ್ಲಿ 'ಆಸಕ್ತರು ಬರಬಹುದು' ಎಂದಿತ್ತು. ಒಳ್ಳೆಯ ಕಂಠದವರನ್ನು ಮಾತ್ರ ಕರೆಯುತ್ತಾರೆ ಎಂದುಕೊಂಡು ಎರಡು ವಾರ ಬಾಗಿಲ ಮುಂದೆಯೇ ಓಡಾಡಿದೆ. ಕೊನೆಗೆ ಒಳಗೆ ಹೋದರೆ ಯಾರೂ ನನ್ನ ಕಂಠ ಪರೀಕ್ಷೆ ಮಾಡಲಿಲ್ಲ. ಕೈಗೆ ಒಂದು ಒಣ ಬಟ್ಟೆ ಕೊಟ್ಟು ಮಿಕ್ಸರಿನ ಗುಂಡಿಗಳ ಸಂದಿಯ ಧೂಳು ಒರೆಸಲು ಹೇಳಿದರು. ಮೊದಲ ತಿಂಗಳು ನನ್ನ ಕೆಲಸ ಅದು, ಮತ್ತು ಲಾಗ್ ಬುಕ್ ಬರೆಯುವುದು: ಎಷ್ಟು ಗಂಟೆಗೆ ಯಾವ ಕಾರ್ಯಕ್ರಮ ಹೋಯಿತು, ಯಾರು ಮಾತಾಡಿದರು, ಎಲ್ಲಿ ತಪ್ಪಿತು. ಈಗ ಅನಿಸುತ್ತದೆ, ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಧೂಳು ಒರೆಸುತ್ತಾ ಒರೆಸುತ್ತಾ ಯಾವ ಗುಂಡಿ ಯಾವುದಕ್ಕೆ ಎಂದು ಬೆರಳಿಗೇ ಗೊತ್ತಾಗಿಬಿಡುತ್ತದೆ.

ಬೆರಳಿಗೆ ಗೊತ್ತಾದರೂ ಗಾಬರಿಗೆ ಗೊತ್ತಾಗುವುದಿಲ್ಲ. ಮೊದಲ ನೇರಪ್ರಸಾರದ ದಿನ ನಾನು ಶ್ರುತಿಬದ್ಧವಾಗಿ ನಲವತ್ತು ಸೆಕೆಂಡು ಮಾತಾಡಿದೆ, ಮೈಕಿನ ದನಿ ಏರಿಸುವ ಫೇಡರನ್ನು ಮೇಲೆ ತಳ್ಳದೆ. ಊರಿಗೆಲ್ಲ ಮೌನ ಪ್ರಸಾರವಾಯಿತು. ರೇಡಿಯೋದವರು ಇದಕ್ಕೆ 'ಡೆಡ್ ಏರ್' ಎನ್ನುತ್ತಾರೆ. ಗಾಜಿನಾಚೆ ಕೂತಿದ್ದ ಸೀನಿಯರ್ ಹಣೆ ಹಣೆ ಬಡಿದುಕೊಳ್ಳುತ್ತಿದ್ದರೆ ನಾನು ಅದನ್ನು ಮೆಚ್ಚುಗೆ ಎಂದುಕೊಂಡಿದ್ದೆ.

ಇನ್ನೊಂದು ದಿನ ಇದರ ಉಲ್ಟಾ ಆಯಿತು. ಹಾಡು ಹೋಗುತ್ತಿದೆ, ಮೈಕು ಮುಚ್ಚಿದೆ ಎಂದು ತಿಳಿದು ಪಕ್ಕದ ಹುಡುಗನಿಗೆ 'ಅಯ್ಯೋ ತಮಾ, ಎಂತ ಮಾಡಿಟ್ಯ ಮಾರಾಯ' ಎಂದು ನನ್ನ ಮನೆ ಮಾತಿನಲ್ಲೇ ಬೈದೆ. ಅದು ಹಾಗೇ ಪ್ರಸಾರವಾಗಿ ಹೋಯಿತು. ಅಲ್ಲಿಯವರೆಗೆ ನಾನು ರೇಡಿಯೋದಲ್ಲಿ ಮಾತಾಡುತ್ತಿದ್ದದ್ದು ಪಠ್ಯಪುಸ್ತಕದ ಕನ್ನಡ. ಅಜ್ಜನ ರೇಡಿಯೋದ, ಕೆಮ್ಮದ ಜೀವಿಗಳ ಕನ್ನಡ. ಐದು ನಿಮಿಷದಲ್ಲಿ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ. 'ಕೂಸೆ, ಯಾವೂರೇ ನಿಂದು?' ಬೈಗುಳ ಬರುತ್ತದೆ ಎಂದು ಕಾದಿದ್ದವಳಿಗೆ ಗಂಟಲು ಕಟ್ಟಿತು. ಅವರು ಸಿದ್ದಾಪುರದ ಕಡೆಯ ಮಗಳು. ಮದುವೆಯಾಗಿ ಆ ಊರಿಗೆ ಬಂದು ನಲವತ್ತು ವರ್ಷ. ಮನೆಯಲ್ಲಿ ಆ ಮಾತಿಗೆ ಮಾತು ಕೊಡುವವರು ಯಾರೂ ಉಳಿದಿಲ್ಲ. ಹದಿನೈದು ನಿಮಿಷ ಮಾತಾಡಿದರು: ತವರಿನ ತೋಟ, ಆಲೆಮನೆ, ಮಳೆಗಾಲದ ಅಪ್ಪೆಹುಳಿ. ಮುಂದಿನ ಹಾಡು ಹಾಕಬೇಕೇ ಎಂದು ನಾನು ಗಾಜಿನಾಚೆ ನೋಡಿದರೆ ಸೀನಿಯರ್ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದರು. ಆ ದಿನದಿಂದ ನಾನು ನನ್ನ ಮಾತಿನಲ್ಲೇ ಮಾತಾಡಿದೆ. ಎಂ.ಎ.ಯಲ್ಲಿ ಎರಡು ವರ್ಷ ಸಂವಹನ ಸಿದ್ಧಾಂತ ಓದಿದ್ದೇನೆ. ನೆನಪಿರುವುದು ಆ ಹದಿನೈದು ನಿಮಿಷ.

ಈಗ ಕಾನೂನಿನ ವಿಷಯ. ಪ್ರಾಂಶುಪಾಲರ ಮುಂದೆ ಈ ಮಾತು ತೆಗೆದ ಕೂಡಲೇ ಬರುವ ಮೊದಲ ಪ್ರಶ್ನೆ 'ಇದಕ್ಕೆಲ್ಲ ಪರ್ಮಿಷನ್ ಸಿಗ್ತದಾ?' ಸಿಗುತ್ತದೆ. ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2002ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ರೇಡಿಯೋ ನಡೆಸಲು ಅವಕಾಶ ಕೊಟ್ಟಿತು. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಅಣ್ಣಾ ಎಫ್‌ಎಂ 2004ರ ಫೆಬ್ರವರಿ 1ರಂದು ಮೊದಲು ಮಾತಾಡಿತು. 2006ರಲ್ಲಿ ಲಾಭದ ಉದ್ದೇಶವಿಲ್ಲದ ಸಂಘ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ರಾಜಕೀಯ ಪಕ್ಷಗಳಿಗೆ, ಒಬ್ಬಂಟಿ ವ್ಯಕ್ತಿಗಳಿಗೆ, ಲಾಭದ ಕಂಪನಿಗಳಿಗೆ ಇಲ್ಲ. ಅಂದರೆ ನೀವು ಸಾಲಿನಲ್ಲಿ ಮುಂದೆ ನಿಂತಿದ್ದೀರಿ, ಚೀಟಿ ತೆಗೆದುಕೊಳ್ಳುತ್ತಿಲ್ಲ, ಅಷ್ಟೇ.

ದೂರ ಹೋಗುವುದೂ ಬೇಡ. ಮಂಗಳೂರಿನಲ್ಲಿ ಕಾಲೇಜಿನ ರೇಡಿಯೋ ಸಾರಂಗ್ 107.8ರಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿಯಲ್ಲಿ ಮಾತಾಡುತ್ತಿದೆ. ಮಣಿಪಾಲದಲ್ಲಿ ರೇಡಿಯೋ ಮಣಿಪಾಲ್ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಿಂದ ಕೃಷಿ ಸಮುದಾಯ ಬಾನುಲಿ ನಡೆಸುತ್ತಿದೆ. ನಮ್ಮ ಶಿರಸಿಯ ಅರಣ್ಯ ಕಾಲೇಜು ಅದೇ ವಿಶ್ವವಿದ್ಯಾಲಯದ ಅಂಗ. ಕೋಲಾರದ ಬೂದಿಕೋಟೆಯವರಂತೂ ಗಾಳಿಯಲ್ಲಿ ಪ್ರಸಾರಕ್ಕೆ ಅವಕಾಶವಿಲ್ಲದ ಕಾಲದಲ್ಲಿ 'ನಮ್ಮ ಧ್ವನಿ'ಯನ್ನು ಕೇಬಲ್ ತಂತಿಯಲ್ಲಿ ಮನೆ ಮನೆಗೆ ಎಳೆದರು. ಆ ಹಳ್ಳಿಯವರಿಗೆ ಇದ್ದ ಛಲ ನಮ್ಮ ಘಟ್ಟದ ಮೇಲೆ ಕೆಳಗೆ ಎರಡೂ ಕಡೆ ಇಲ್ಲವೇ?

ಸಮುದಾಯ ರೇಡಿಯೋದ ನಿಯಮಗಳು ಹೆದರುವಂಥವಲ್ಲ. ಪರಿಣಾಮಕಾರಿ ಪ್ರಸಾರ ಶಕ್ತಿ 100 ವ್ಯಾಟ್ ಮೀರಬಾರದು, ಆ್ಯಂಟೆನಾ ನೆಲದಿಂದ 30 ಮೀಟರಿಗಿಂತ ಎತ್ತರ ಇರಬಾರದು. ಕಾರ್ಯಕ್ರಮದಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರು ಪಾಲ್ಗೊಂಡು ತಯಾರಾಗಬೇಕು. ಪ್ರಸಾರವಾದದ್ದನ್ನೆಲ್ಲ ಮೂರು ತಿಂಗಳು ಕಾದಿಡಬೇಕು. ಸ್ವಂತ ಸುದ್ದಿ ವಾರ್ತೆ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು. ಈ ಸುದ್ದಿ ನಿಷೇಧ ನನಗೆ ಒಪ್ಪಿಗೆಯಿಲ್ಲ, ಆದರೆ ಅದು ದಿಲ್ಲಿಗೆ ಬರೆಯಬೇಕಾದ ಬೇರೆ ಪತ್ರ. 2024ರ ಫೆಬ್ರವರಿಯಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ಮೊದಲ ಅನುಮತಿಯೇ ಹತ್ತು ವರ್ಷಕ್ಕೆ, ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಸಲಹಾ ಸಮಿತಿಯಲ್ಲಿ ಅರ್ಧ ಹೆಂಗಸರಿರಬೇಕು. ಕೊನೆಯದನ್ನು ಓದಿ ನಾನು ಒಬ್ಬಳೇ ಕೂತು ನಕ್ಕೆ. ನಮ್ಮ ಎಷ್ಟು ಆಡಳಿತ ಮಂಡಳಿಗಳು ಆ ಪರೀಕ್ಷೆ ಪಾಸಾಗುತ್ತವೋ ನೀವೇ ಎಣಿಸಿಕೊಳ್ಳಿ.

100 ವ್ಯಾಟ್ ಬಯಲುಸೀಮೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಹೋದೀತು. ನಮ್ಮಲ್ಲಿ ಹಾಗಿಲ್ಲ. ಎಫ್‌ಎಂ ಅಲೆ ನೇರ ನೋಟದಲ್ಲಿ ಸಾಗುವಂಥದು. ಎದುರಿಗೆ ಗುಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಕಾರವಾರದಲ್ಲಿ ಹಚ್ಚಿದ ದೀಪ ಸದಾಶಿವಗಡಕ್ಕೆ ಕಾಣುತ್ತದೆ, ಕದ್ರಾಕ್ಕೆ ಕಾಣುವುದಿಲ್ಲ. ದೇವಿಮನೆ ಘಟ್ಟದ ಕೆಳಗಿನದು ಮೇಲಕ್ಕೆ ಹತ್ತುವುದಿಲ್ಲ. ಇದನ್ನೇ ಹಿಡಿದು 'ನಮ್ಮ ಜಿಲ್ಲೆಗೆ ರೇಡಿಯೋ ಆಗಿಬರೂದಿಲ್ಲ' ಎನ್ನುವವರಿದ್ದಾರೆ. ನನಗೆ ಇದೇ ಒಳ್ಳೆಯದಾಯಿತು ಅನಿಸುತ್ತದೆ. ಇಡೀ ಜಿಲ್ಲೆಗೆ ಒಂದೇ ದನಿ ಸಾಕಾಗುವ ಜಿಲ್ಲೆ ಇದಲ್ಲ. ಹನ್ನೆರಡು ತಾಲೂಕು, ಒಂದೊಂದು ಕಣಿವೆಗೆ ಒಂದೊಂದು ನುಡಿ. ಕಾರವಾರದ ಕೊಂಕಣಿ, ಭಟ್ಕಳದ ನವಾಯತಿ, ಅಂಕೋಲೆ ಕುಮಟೆಯ ಹಾಲಕ್ಕಿ ಸಮುದಾಯದ ಕನ್ನಡ, ಘಟ್ಟದ ಮೇಲಿನ ಹವ್ಯಕ, ಯಲ್ಲಾಪುರ ಹಳಿಯಾಳದ ಸಿದ್ದಿಯರ ಮಾತು, ಜೋಯಿಡಾದ ಕುಣಬಿಗಳದ್ದು, ಮುಂಡಗೋಡದಲ್ಲಿ ಟಿಬೆಟನ್ನರದ್ದು. ಇದನ್ನೆಲ್ಲ ಬೆಂಗಳೂರಿನ ಖಾಸಗಿ ಎಫ್‌ಎಂ ಬಂದು ಮಾತಾಡುತ್ತದೆಯೇ? ಆದರೆ ನಿಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಇಷ್ಟೂ ನುಡಿಗಳ ಮಕ್ಕಳಿದ್ದಾರೆ.

ಅದಕ್ಕಿಂತ ಮುಖ್ಯ, ಬರೀ ಕೇಳಿ ಸುಖಪಡುವುದು ಈ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ತಾಳಮದ್ದಲೆ ಎಂದರೆ ಮತ್ತೇನು? ವೇಷವಿಲ್ಲ, ಕುಣಿತವಿಲ್ಲ, ಬಣ್ಣವಿಲ್ಲ. ಭಾಗವತರ ಪದ, ಮದ್ದಲೆ, ಪಂಚೆ ಶಲ್ಯದಲ್ಲಿ ಕೂತು ಅರ್ಥ ಹೇಳುವ ನಾಲ್ಕು ಜನ. ಅಷ್ಟರಲ್ಲೇ ಕೌರವನೂ ಕೃಷ್ಣನೂ ಕಣ್ಣೆದುರು ಬರುತ್ತಾರೆ. ಮಳೆಗಾಲದ ರಾತ್ರಿ ಬೆಳಗಾಗುವವರೆಗೆ ಕೂತು ಕೇಳುತ್ತೇವೆ, ಬೆಳಗ್ಗೆ ತೋಟಕ್ಕೆ ಹೋಗುವಾಗ 'ಕರ್ಣ ಅಲ್ಲಿ ಸೋತ' ಎಂದು ಜಗಳವಾಡುತ್ತೇವೆ. ರೇಡಿಯೋ ನಾಟಕಕ್ಕೆ ಇದಕ್ಕಿಂತ ಒಳ್ಳೆಯ ತಾಲೀಮು ಯಾವ ಊರಿನಲ್ಲಿದೆ? ಬಿ.ಕಾಂ. ಹುಡುಗರ ಅರ್ಧ ಗಂಟೆಯ ತಾಳಮದ್ದಲೆಯೊಂದನ್ನು ಕೇಳಿದ್ದೇನೆ, ಜಿ.ಎಸ್.ಟಿ. ಮತ್ತು ಕಿರಾಣಿ ಅಂಗಡಿಯವನ ನಡುವೆ ಸಂವಾದ. ಜಿ.ಎಸ್.ಟಿ. ಪಾತ್ರಧಾರಿ ಪೀಠಿಕೆಯಲ್ಲೇ ಹದಿನಾಲ್ಕು ನಿಮಿಷ ತಿಂದ. ನಿಜವಾದ ಅರ್ಥಧಾರಿಯ ಲಕ್ಷಣ.

2024ರ ಡಿಸೆಂಬರ್ 16ರಂದು ಹೊನ್ನಳ್ಳಿಯ ತುಳಸಿ ಗೌಡ ಹೋದರು. ಎರಡು ತಿಂಗಳು ತುಂಬುವುದರೊಳಗೆ, 2025ರ ಫೆಬ್ರವರಿ 13ರಂದು, ಬಡಿಗೇರಿಯ ಸುಕ್ರಿ ಬೊಮ್ಮಗೌಡ. ಇಬ್ಬರೂ ಅಂಕೋಲೆ ತಾಲೂಕಿನವರು, ಇಬ್ಬರಿಗೂ ಪದ್ಮಶ್ರೀ. ತುಳಸಿಯವರಿಗೆ ಕಾಡಿನ ಒಂದೊಂದು ಮರದ ಬೀಜ ಯಾವಾಗ ಉದುರುತ್ತದೆ ಎಂಬುದು ಬಾಯಿಪಾಠ. ಸುಕ್ರಿಯವರ ಹೊಟ್ಟೆಯಲ್ಲಿ ಹಾಲಕ್ಕಿಗಳ ಹಾಡಿನ ಉಗ್ರಾಣ. ಸುಕ್ರಜ್ಜಿ ಹಾಡಿದ್ದೂ ಉಂಟು, ಸಾರಾಯಿಯ ವಿರುದ್ಧ ಬೀದಿಗಿಳಿದದ್ದೂ ಉಂಟು. ಆಕಾಶವಾಣಿಯವರು, ಜಾನಪದ ಸಂಶೋಧಕರು ಒಂದಷ್ಟು ಹಿಡಿದಿಟ್ಟಿದ್ದಾರೆ, ಪುಣ್ಯ. ಅವರಿಬ್ಬರನ್ನೂ ನಾವು ಕಾಲೇಜಿಗೆ ಕರೆಸಿ ಶಾಲು ಹೊದೆಸಿದ್ದೇವೆ, ಹಣ್ಣಿನ ಬುಟ್ಟಿ ಕೊಟ್ಟಿದ್ದೇವೆ, ಫೋಟೋ ತೆಗೆಸಿಕೊಂಡಿದ್ದೇವೆ. ಮೈಕಿನ ಮುಂದೆ ಎರಡು ಗಂಟೆ ಕೂರಿಸಿ ಕೇಳಿದ ಕಾಲೇಜು ಯಾವುದು? ಇದ್ದರೆ ದಯವಿಟ್ಟು ತಿಳಿಸಿ, ಆ ಧ್ವನಿಮುದ್ರಣವನ್ನು ಬಂದು ಕೇಳಿ ನಿಮಗೆ ನಮಸ್ಕಾರ ಮಾಡಿ ಹೋಗುತ್ತೇನೆ. ಪದ್ಮಶ್ರೀ ಬರದ ಸುಕ್ರಜ್ಜಿಯರು ಇನ್ನೂ ಇದ್ದಾರೆ, ನಿಮ್ಮ ವಿದ್ಯಾರ್ಥಿಗಳ ಮನೆಗಳಲ್ಲೇ.

ಇನ್ನು ಮಳೆ. ಜುಲೈ ತಿಂಗಳ ರಾತ್ರಿ ಈ ಜಿಲ್ಲೆಯ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: 'ನಾಳೆ ರಜೆ ಕೊಟ್ಟಿದ್ದಾರಾ?' ವಾಟ್ಸ್ಆ್ಯಪಿನಲ್ಲಿ ಹಳೆಯ ವರ್ಷದ ಆದೇಶದ ಚಿತ್ರ ತಾರೀಖು ಮರೆಸಿಕೊಂಡು ತಿರುಗುತ್ತಿರುತ್ತದೆ. ಮಕ್ಕಳು ನಂಬಿ ಮಲಗುತ್ತಾರೆ, ಬೆಳಗ್ಗೆ ಪಾಠ ತಪ್ಪುತ್ತದೆ. ಇದು ನಗುವ ವಿಷಯ. ನಗಲಾರದ್ದೂ ಆಗಿದೆ. 2024ರ ಜುಲೈ 16ರ ಬೆಳಗ್ಗೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂದು ಗಂಗಾವಳಿ ನದಿಗೆ ಇಳಿಯಿತು, ಆಚೆ ದಡದ ಉಳುವರೆಯ ಮನೆಗಳೂ ಉಳಿಯಲಿಲ್ಲ. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಆ ವಾರಗಳಲ್ಲಿ ನಮ್ಮ ಮಕ್ಕಳ ಫೋನಿಗೆ ಬಂದದ್ದು ಏನು? ಯಾರೋ ಎಲ್ಲಿಂದಲೋ ಕಳಿಸಿದ ಧ್ವನಿ ಸಂದೇಶ, 'ಇನ್ನೊಂದು ಗುಡ್ಡ ಬಿರುಕು ಬಿಟ್ಟಿದೆ, ಬೇಗ ಶೇರ್ ಮಾಡಿ.' ಎಷ್ಟೋ ಹಳ್ಳಿಗಳಲ್ಲಿ ಅದೂ ಬರಲಿಲ್ಲ. ಕರೆಂಟು ಹೋಗಿ ಟವರು ಸತ್ತಿತ್ತು. ಎರಡು ಸೆಲ್ ಹಾಕಿದ ಪುಟ್ಟ ರೇಡಿಯೋಕ್ಕೆ ಟವರೂ ಬೇಡ, ಡೇಟಾವೂ ಬೇಡ. ಹವಾಮಾನ, ರಸ್ತೆ ಸಂಚಾರ, ಕರೆಂಟು, ನೀರು, ಪ್ರಕೃತಿ ವಿಕೋಪದ ಬಗ್ಗೆ ಸ್ಥಳೀಯ ಆಡಳಿತ ಕೊಡುವ ಪ್ರಕಟಣೆ ನಿಯಮದ ಪ್ರಕಾರ 'ಸುದ್ದಿ' ಅಲ್ಲ, ಧಾರಾಳವಾಗಿ ಹೇಳಬಹುದು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಅಲ್ಲಿಯ ಒಬ್ಬ ವಿದ್ಯಾರ್ಥಿ ಬೆಳಗ್ಗೆ ಐದಕ್ಕೆ, ದೋಣಿ ಇಳಿಸುವ ಮುನ್ನ, ಗಾಳಿ ಅಲೆಯ ಬಗ್ಗೆ ಕೊಂಕಣಿಯಲ್ಲಿ ಮೂರು ನಿಮಿಷ ಹೇಳಿದರೆ ಹೇಗಿರುತ್ತದೆ ಎಂದು ಒಮ್ಮೆ ಯೋಚಿಸಿ. ಆ ಹುಡುಗನಿಗೂ ತನ್ನ ಓದು ಯಾರಿಗೆ ಬೇಕು ಎಂಬುದು ಗೊತ್ತಾಗುತ್ತದೆ.

ನಿಮ್ಮ ಆತಂಕಗಳು ನನಗೆ ಗೊತ್ತು. ಸ್ಟಾಫ್ ರೂಮಿನಲ್ಲಿ ನಾನೂ ಕೂರುತ್ತೇನಲ್ಲ.

ಮಕ್ಕಳು ಏನಾದರೂ ಅಡ್ಡಾದಿಡ್ಡಿ ಮಾತಾಡಿಬಿಟ್ಟರೆ? ಮಾತಾಡುತ್ತಾರೆ. ಮೊದಲ ವರ್ಷ ನೇರಪ್ರಸಾರ ಬೇಡ, ಮುದ್ರಿಸಿ ಕೇಳಿ ಆಮೇಲೆ ಬಿಡೋಣ. ಒಬ್ಬ ಅಧ್ಯಾಪಕರು ಜೊತೆಗಿರಲಿ. ಆದರೆ ಅವರು ಕೆಂಪು ಪೆನ್ನು ಹಿಡಿದು ಸ್ಕ್ರಿಪ್ಟ್ ತಿದ್ದಲು ಕೂತರೆ ರೇಡಿಯೋ ಅಲ್ಲಿಗೆ ಗೋವಿಂದ. ಅಧ್ಯಕ್ಷರ ಭಾಷಣ, ಸಂಸ್ಥಾಪಕರ ದಿನಾಚರಣೆ, ನಡುನಡುವೆ ಸಿನಿಮಾ ಹಾಡು, ಇದಿಷ್ಟನ್ನೇ ಪ್ರಸಾರ ಮಾಡುವ ಕ್ಯಾಂಪಸ್ ರೇಡಿಯೋಗಳನ್ನು ನಾನು ಕೇಳಿದ್ದೇನೆ. ಅವು ಟ್ರಾನ್ಸ್‌ಮಿಟರು ಸಿಕ್ಕ ಬೀರುಗಳು.

ಓದು ಹಾಳಾಗುತ್ತದೆಯೇ? ವಾರಕ್ಕೆ ಮೂರು ಗಂಟೆ. ಕ್ರಿಕೆಟ್ಟಿಗೆ ಇದಕ್ಕಿಂತ ಹೆಚ್ಚು ಹೋಗುತ್ತದೆ, ನಾವು ಟ್ರೋಫಿ ಇಟ್ಟುಕೊಂಡು ಬೀಗುತ್ತೇವೆ.

ಪತ್ರಿಕೋದ್ಯಮ ವಿಭಾಗವೇ ಇಲ್ಲವಲ್ಲ ಎನ್ನುತ್ತೀರಿ. ಬೇಡ. ರೇಡಿಯೋಕ್ಕೆ ಎಲ್ಲರೂ ಬೇಕು. ಗುಂಯ್ ಎನ್ನುವ ತಂತಿಯ ಸದ್ದು ಎಲ್ಲಿಂದ ಎಂದು ಹುಡುಕಲು ಬಿ.ಎಸ್ಸಿ. ಹುಡುಗ ಬೇಕು. ಮೂರು ತಿಂಗಳ ಧ್ವನಿಮುದ್ರಣ ಹೆಸರು ದಿನಾಂಕ ಹಾಕಿ ಜೋಡಿಸಿಡಲು ಗ್ರಂಥಾಲಯದಲ್ಲಿ ತೆಪ್ಪಗೆ ಕೂರುವ ಹುಡುಗಿ ಬೇಕು. ಮೀನು ಮಾರ್ಕೆಟ್ಟಿನ ಅಕ್ಕನ ಹತ್ತಿರ ಸಲೀಸಾಗಿ ಮಾತಾಡಬಲ್ಲವರು ಬೇಕು. ಅವರಿಗೆ ತರಗತಿಯಲ್ಲಿ ಅಂಕ ಕಡಿಮೆ ಇರುವುದೇ ಹೆಚ್ಚು.

ಒಂದು ಮಾತ್ರ ನೆನಪಿಡಿ: ಬಸ್ಸು. ಬೇರೆ ಊರುಗಳಲ್ಲಿ ವಿದ್ಯಾರ್ಥಿ ರೇಡಿಯೋ ಸಂಜೆಯ ಚಟುವಟಿಕೆ. ನಮ್ಮ ಮಕ್ಕಳಿಗೆ ನಾಲ್ಕೂವರೆಯ ಬಸ್ಸು ತಪ್ಪಿದರೆ ವಸ್ತಿ ಬಸ್ಸೇ ಗತಿ, ಅದು ಊರು ಮುಟ್ಟುವಾಗ ರಾತ್ರಿ. ಸಂಜೆ ಇಟ್ಟರೆ ಪೇಟೆಯ ಮಕ್ಕಳು, ಅದರಲ್ಲೂ ಹುಡುಗರು ಮಾತ್ರ ಉಳಿಯುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ವೇಳಾಪಟ್ಟಿಯೊಳಗೇ ಜಾಗ ಕೊಡಿ.

ಇಷ್ಟಕ್ಕೆ ಇಂದು ಬೇಕಾದದ್ದು ಏನು? ಕ್ಯಾಂಪಸ್ಸಿನೊಳಗೆ ತಂತಿ ಎಳೆದು ಸ್ಪೀಕರಿಗೆ ಕೊಡಲು ತರಂಗಾಂತರದ ಪರವಾನಗಿ ಬೇಕಿಲ್ಲ. ಕಳೆದ ಮಳೆಗಾಲ ಕುಮಟೆಯಲ್ಲಿ ನಾನೂ ಏಳು ವಿದ್ಯಾರ್ಥಿಗಳೂ ಇಷ್ಟರಲ್ಲೇ ಶುರುಮಾಡಿದೆವು: ಒಂದು ಫೋನು, ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು, ಧ್ವನಿ ಮುದ್ರಿಸಿ ತಿದ್ದುವ, ಕಾಸು ಕೇಳದ ಆಡಾಸಿಟಿ ತಂತ್ರಾಂಶ. ಸ್ಟುಡಿಯೋ ನನ್ನ ಬಾಡಿಗೆ ಮನೆಯ ಹಿಂದಿನ ಕೋಣೆ. ಯಾರೋ ಹೇಳಿದರೆಂದು ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದೆವು. ಏನೂ ಪ್ರಯೋಜನವಾಗಲಿಲ್ಲ, ಜೊಂಡಿಗ ಮಾತ್ರ ಹೆಚ್ಚಾದವು. ಕೊನೆಗೆ ಕೆಲಸಕ್ಕೆ ಬಂದದ್ದು ಹಳೆಯ ಕಂಬಳಿ. ಎರಡು ಹಗ್ಗಕ್ಕೆ ಕಂಬಳಿ ಇಳಿಬಿಟ್ಟು, ನಡುವೆ ಕೂತು, ಫ್ಯಾನು ಆರಿಸಿ ಬೆವರುತ್ತಾ ಮಾತಾಡಬೇಕು.

ಒಂದು ದಿನ ಮೀನು ಮಾರುವ ಅಜ್ಜಿಯೊಬ್ಬರು ಬಂದಿದ್ದರು. ಬುಟ್ಟಿಯನ್ನು ಹೊರಗೆ ಇಡಲು ಒಪ್ಪಲಿಲ್ಲ, ಬೆಕ್ಕಿನ ಭಯ. ಮೈಕು ಸಿಕ್ಕಿಸುವಾಗ ಬಿ.ಎ. ಮೊದಲ ವರ್ಷದ ಹುಡುಗಿಯ ಕೈ ನಡುಗುತ್ತಿತ್ತು. ಅಜ್ಜಿಯೇ ಅವಳ ಕೈ ಹಿಡಿದು ಸೆರಗಿಗೆ ಸಿಕ್ಕಿಸಿಕೊಂಡರು. ಮಾತು ಶುರುವಾಗಿ ನಾಲ್ಕು ನಿಮಿಷಕ್ಕೆ ತಗಡಿನ ಮಾಡಿನ ಮೇಲೆ ಮಳೆ ಬಿತ್ತು, ಒಬ್ಬರ ಮಾತು ಒಬ್ಬರಿಗೆ ಕೇಳಿಸದಷ್ಟು. ಹುಡುಗಿ ನಿಲ್ಲಿಸಲು ಹೋದಳು. ಅಜ್ಜಿ ಬೇಡವೆಂದರು. ಮಳೆಗೆ ಸೇರುವ ಹಾಗೆ ದನಿ ಎತ್ತರಿಸಿ, ಬೂತಾಯಿ ಮೀನು ಬಂದ ವರ್ಷದ ಕಥೆ ಹೇಳುತ್ತಲೇ ಹೋದರು. ಲೆಕ್ಕದಲ್ಲಿ ಅದು ಕೆಟ್ಟ ಧ್ವನಿಮುದ್ರಣ. ಮೀಟರಿನ ಮುಳ್ಳು ಕೆಂಪಿನಲ್ಲೇ ನಿಂತಿತ್ತು. ಹುಡುಗಿ ಅದನ್ನು ಮೂರು ವಾರ ಕೂತು ಎಡಿಟ್ ಮಾಡಿದಳು, ಮಳೆಯನ್ನು ತೆಗೆಯಲಿಲ್ಲ.

ಆ ಹನ್ನೊಂದು ನಿಮಿಷವನ್ನು ಕಾಲೇಜೊಂದರಲ್ಲಿ ಊಟದ ಬಿಡುವಿನಲ್ಲಿ ಹಾಕಲು ಅನುಮತಿ ಕೇಳಿದೆವು. ಸ್ಪೀಕರ್ ಇದೆ, ಆಂಪ್ಲಿಫೈಯರ್ ಇದೆ, ಬೀರುವಿನಲ್ಲಿದೆ ಎಂದರು. ಕೀಲಿಕೈ ಯಾರ ಹತ್ತಿರವಿದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಮಾನ್ಯರೇ, ಶನಿವಾರ ಮಧ್ಯಾಹ್ನ ನಾನು ಬಿಡುವು. ಅಂಕೋಲೆ, ಹೊನ್ನಾವರ, ಶಿರಸಿ, ಎಲ್ಲಿಗೆ ಕರೆದರೂ ಬಸ್ಸು ಹತ್ತಿ ಬರುತ್ತೇನೆ. ಕಂಬಳಿ ನಾನೇ ತರುತ್ತೇನೆ. ನೀವು ಹತ್ತು ಮಕ್ಕಳನ್ನೂ ಒಂದು ಕೋಣೆಯನ್ನೂ ಕೊಡಿ, ಆ ಬೀರು ತೆಗೆಸಿ. ಹಾಳಾದರೆ ಯಾರು ಹೊಣೆ ಎಂದು ಹಿಂದೊಮ್ಮೆ ಕೇಳಿದಾಗ ಉತ್ತರ ಇರಲಿಲ್ಲ. ಈಗ ಇದೆ: ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದುಕೊಳ್ಳಿ, ಸಹಿ ಹಾಕುತ್ತೇನೆ.

ಇಂತಿ,
ಜಿಲ್ಲೆಯ ಹಳೆಯ ವಿದ್ಯಾರ್ಥಿನಿ, ಈಗ ಅತಿಥಿ ಉಪನ್ಯಾಸಕಿ
ಕುಮಟಾ